ಹೊಸ ಹಾಳೆಯ ಮೊದಲ ಸಾಲು

ನನ್ನ ಮೂರನೇ ಪುಟಕ್ಕೆ ಬಂದವರು ಅಲ್ಲಿಂದಲೇ ಎದ್ದು ಹೋಗುತ್ತಿದ್ದರು. ಮೊದಲನೆಯದನ್ನು ಓದುತ್ತಿದ್ದರು, ಎರಡನೆಯದನ್ನೂ ಓದುತ್ತಿದ್ದರು, ಮೂರನೆಯದರಲ್ಲಿ ಸ್ವಲ್ಪ ಹೊತ್ತು ಒದ್ದಾಡಿ ಮಾಯವಾಗುತ್ತಿದ್ದರು. ಯಾಕೆಂದು ಯಾರೂ ಹೇಳುತ್ತಿರಲಿಲ್ಲ. ಎಷ್ಟು ಜನ ಬಂದರು, ಎಲ್ಲಿ ಬಿಟ್ಟರು ಎಂದು ತೋರಿಸುವ ಪರದೆಯೊಂದು ನನ್ನ ಬಳಿ ಇತ್ತು. ಅದರಲ್ಲಿ ಒಂದು ಗೆರೆ ಎರಡನೇ ಪುಟದವರೆಗೆ ನೆಟ್ಟಗೆ ನಡೆದು ಬಂದು, ಮೂರನೆಯದಕ್ಕೆ ಬಾವಿಗೆ ಬಿದ್ದ ಹಾಗೆ ಬೀಳುತ್ತಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಆ ಗೆರೆ ನೋಡುವುದು ನನಗೆ ಚಟವಾಗಿ ಹೋಗಿತ್ತು.

ರಾಯಚೂರಿನ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಕಲಿಸುತ್ತೇನೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊಸಬರಿಗೆ ಕನ್ನಡದಲ್ಲಿ ಹೇಳಿಕೊಡುವ ಆ ಪುಟಗಳನ್ನು ನಾನೇ ಬರೆದು ಅಂತರ್ಜಾಲಕ್ಕೆ ಹಾಕಿದ್ದೆ. ಯಾರೂ ಕೇಳಿರಲಿಲ್ಲ, ಸಿಟ್ಟಿಗೆ ಹಾಕಿದ್ದು. ನನ್ನ ತರಗತಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನ ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು. ಇರುವುದು ಒಂದು ಮೊಬೈಲು, ಅದೂ ಮನೆಮಂದಿಗೆಲ್ಲ ಸೇರಿದ್ದು. ಅವರು ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಪಾಠಗಳು ಎರಡು ಬಗೆಯವು. ಒಂದು ಇಂಗ್ಲಿಷಿನವು. ಇನ್ನೊಂದು ಇಂಗ್ಲಿಷಿಗಿಂತ ಕಠಿಣವಾದ ಕನ್ನಡದವು. ‘ಗಣಕದ ಆದೇಶ ಪರದೆಯನ್ನು ತೆರೆಯಿರಿ’ ಎಂದು ಒಬ್ಬ ಮಹಾನುಭಾವರು ಶುರು ಮಾಡುತ್ತಾರೆ. ಯಾವ ಗಣಕ, ಯಾವ ಪರದೆ? ಮುಂದಕ್ಕೆ ಹೋದರೆ ಒಂದು ಪಿಜ್ಜಾವನ್ನು ಎಂಟು ತುಂಡು ಮಾಡುವ ಲೆಕ್ಕ. ಕವಿತಾಳದಿಂದ ಬಸ್ಸಿಗೆ ಬರುವ ಹುಡುಗಿಗೆ ಪಿಜ್ಜಾದ ಎಂಟನೇ ತುಂಡು ಕಟ್ಟಿಕೊಂಡು ಏನಾಗಬೇಕು?

ಹಾಗಾಗಿ ನಾನು ಎಲ್ಲವನ್ನೂ ನಮ್ಮವರಿಗೆ ತಕ್ಕಂತೆ ಮಾಡಿದೆ ಎಂದುಕೊಂಡೆ. ಮೊಬೈಲಿನಲ್ಲೇ ಬರೆದು ಅಲ್ಲೇ ನಡೆಸುವ ಹಾಗೆ ಪುಟದಲ್ಲಿ ಒಂದು ಚೌಕ ಇಟ್ಟೆ. ಉದಾಹರಣೆಗಳಲ್ಲಿ ಜೋಳದ ಚೀಲ, ಮಾನ್ವಿ ಬಸ್ಸಿನ ಹೊತ್ತು, ನಮ್ಮ ಕಡೆಯ ತಿಂಡಿ ಒಗ್ಗರಣಿ ಮಿರ್ಚಿ ತಂದೆ. ಮೊದಲ ಎರಡು ಪುಟಗಳಲ್ಲಿ ಎಲ್ಲವನ್ನೂ ನಾನೇ ಬರೆದಿಟ್ಟಿದ್ದೆ, ಓದುವವರು ‘ನಡೆಸು’ ಎಂಬ ಗುಂಡಿ ಒತ್ತಿದರೆ ಸಾಕಿತ್ತು. ಮೂರನೆಯದರಲ್ಲಿ ಚೌಕ ಖಾಲಿ. ಅಲ್ಲಿ ಅವರೇ ಬರೆಯಬೇಕು. ಖಾಲಿ ಚೌಕ ನೋಡಿ ಹೆದರಬಾರದೆಂದು ಅದನ್ನು ಶಾಲೆಯ ಹಾಳೆಯಂತೆ ಮಾಡಿದೆ. ನೀಲಿ ಗೆರೆಗಳು, ಎಡಕ್ಕೆ ಕೆಂಪು ಅಂಚು, ಮೇಲೆ ದೊಡ್ಡಕ್ಷರದಲ್ಲಿ ‘ಹೊಸ ಹಾಳೆ’. ಸಣ್ಣ ಮೊಬೈಲಿಗೂ ಹೊಂದಲೆಂದು ಚೌಕವನ್ನು ಎರಡೇ ಸಾಲು ಕಾಣುವಷ್ಟು ಗಿಡ್ಡ ಮಾಡಿದೆ. ಇನ್ನೊಂದು ಜಾಣತನವನ್ನೂ ಮಾಡಿದೆ. ಪ್ರೋಗ್ರಾಂ ತಪ್ಪಿದರೆ ಯಂತ್ರ ಇಂಗ್ಲಿಷಿನಲ್ಲಿ ಕೆಂಪಗೆ ಬೈಯುತ್ತದಲ್ಲ, ಅದನ್ನು ಕಾಣದ ಹಾಗೆ ಮುಚ್ಚಿ, ಅದರ ಜಾಗದಲ್ಲಿ ‘ಏನೋ ತಪ್ಪಾಗಿದೆ, ಇನ್ನೊಮ್ಮೆ ನೋಡಿ’ ಎಂಬ ಮೆತ್ತಗಿನ ಮಾತು ಇಟ್ಟೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆದರೂ ಗೆರೆ ಮೂರನೇ ಪುಟದಲ್ಲೇ ಬೀಳುತ್ತಿತ್ತು. ಅಕ್ಷರ ದೊಡ್ಡದು ಮಾಡಿದೆ, ಗೆರೆ ಬಿತ್ತು. ವಾಕ್ಯ ಚಿಕ್ಕದು ಮಾಡಿದೆ, ಬಿತ್ತು. ಮೊಬೈಲಿನ ಕೀಲಿಮಣೆ ಇಂಗ್ಲಿಷಿನ ಮೊದಲ ಅಕ್ಷರವನ್ನು ತಾನಾಗಿಯೇ ಕ್ಯಾಪಿಟಲ್ ಮಾಡುತ್ತದೆ, ಪೈಥಾನ್ ಅದನ್ನು ಒಪ್ಪುವುದಿಲ್ಲ, ಅದೇ ಕಾರಣವಿರಬೇಕೆಂದು ಅದನ್ನು ತಡೆದೆ. ಗೆರೆ ಚೂರು ಮೇಲೆದ್ದ ಹಾಗೆ ಮಾಡಿ ಮತ್ತೆ ಬಿತ್ತು. ಕಾಲು ಸುಟ್ಟ ಬೆಕ್ಕಿನ ಹಾಗೆ ಮಾಳಿಗೆಯ ಮೇಲೆ ಅತ್ತಿಂದಿತ್ತ ತಿರುಗುತ್ತಿದ್ದೆ. ರಾಯಚೂರಿನ ಬಿಸಿಲಿಗೆ ಮಾಳಿಗೆ ಸಂಜೆಯಾದರೂ ಕಾದ ಹಂಚಿನಂತೆ ಇರುತ್ತದೆ, ಆದರೆ ಕೆಳಗೆ ಕೂತರೆ ಕೈ ಮತ್ತೆ ಆ ಪರದೆಗೇ ಹೋಗುತ್ತಿತ್ತು. ಬಿಟ್ಟು ಹೋದವರ ಮೇಲೆ ಸಿಟ್ಟು ಬರುತ್ತಿತ್ತು. ಒಂದು ಸಾಲು ಬರೆಯಲು ಇವರಿಗೇನು ಕಷ್ಟ ಎಂದು ಒಬ್ಬಳೇ ಗೊಣಗುತ್ತಿದ್ದೆ.

ಒಂದು ಶನಿವಾರ ತಡೆಯಲಾಗದೆ ಮಾನ್ವಿಗೆ ಹೋದೆ. ಅಲ್ಲಿ ನನ್ನ ಅಣ್ಣನ ಮನೆ. ಅತ್ತಿಗೆ ಪಿಯುಸಿ ಓದಿದವಳು, ಮೊಬೈಲಿನಲ್ಲಿ ನನಗಿಂತ ಚುರುಕು. ಅವಳ ಕೈಗೆ ನನ್ನ ಪುಟ ಕೊಟ್ಟು ಪಕ್ಕದಲ್ಲಿ ಕೂತೆ.

“ರೊಟ್ಟಿ ಬಡಿಯೋದು ಬಾಕಿ ಅದ, ಜಲ್ದಿ ಹೇಳು,” ಎಂದಳು.

“ನಾ ಏನೂ ಹೇಳಂಗಿಲ್ಲ, ನೀನ ಓದಿ ಮಾಡು,” ಎಂದೆ. ಹಾಗೆಂದವಳು ಬಾಯಿ ಮುಚ್ಚಿಕೊಂಡು ಇದ್ದೆನೇ? ಅವಳ ಬೆರಳು ಒಂದು ಗಳಿಗೆ ತಡೆದರೆ ಸಾಕು, “ಅಲ್ಲಿ ಒತ್ತು”, “ಈಗ ಪ್ರಿಂಟ್ ಅಂತ ಬರಿ”, “ಕಂಸ ಮರೀಬ್ಯಾಡ” ಎನ್ನುತ್ತಿದ್ದೆ. ರೊಟ್ಟಿಯ ಹಂಚು ಕಾಯುವುದರೊಳಗೆ ಮೂರನೇ ಪುಟ ಮುಗಿಯಿತು. ಕಂಸದೊಳಗೆ ಬರೆದ ಮಾತನ್ನು ಪರದೆಗೆ ತರುವುದೇ ಪ್ರಿಂಟ್‌ನ ಕೆಲಸ, ‘ನಮಸ್ಕಾರ ಮಾನ್ವಿ’ ಎಂದು ಬಂತು. ನನ್ನ ಪುಟ ಸರಿಯಾಗಿಯೇ ಇದೆ ಎಂದು ನಾನು ಗೆದ್ದವಳಂತೆ ನಕ್ಕೆ.

ಅತ್ತಿಗೆ ನಗಲಿಲ್ಲ. “ನೀ ಹೇಳ್ದಲ್ಲಿ ಒತ್ತೀನಿ. ಅದರಾಗ ನಂಗೇನ್ ತಿಳೀತು? ನೀ ಬಾಜೂಕ ಕುಂತಿಲ್ಲಂದ್ರ ನಾ ಇದನ್ನ ಮುಟ್ಟಾಕೂ ಅಂಜ್ತೀನಿ,” ಎಂದು ಎದ್ದು ಹಿಟ್ಟಿಗೆ ಕೈ ಹಾಕಿದಳು.

ವಾಪಸು ಬರುವಾಗ ಬಸ್ಸು ಕಲ್ಲೂರು ದಾಟುವವರೆಗೂ ಅವಳ ಮೇಲೆ ಮುನಿಸಿತ್ತು. ಕಲ್ಲೂರು ದಾಟಿದ ಮೇಲೆ ಅವಳು ಹೇಳಿದ್ದು ನಿಜವೆಂದು ಒಪ್ಪಿಕೊಂಡೆ. ನಾನು ಪರೀಕ್ಷೆ ಮಾಡಿದ್ದು ಪುಟವನ್ನಲ್ಲ, ನನ್ನ ಬಾಯಿಯನ್ನು. ಪುಟಕ್ಕೆ ಬಾಯಿಲ್ಲ. ಮನೆಗೆ ಬಂದು ಪುಟದ ಕೆಳಗೆ ‘ತೊಡಕಾದರೆ ಬರೆಯಿರಿ’ ಎಂದು ಒಂದು ಜಾಗ ಮಾಡಿದೆ.

ಅಲ್ಲಿಗೆ ದೇವದುರ್ಗದಿಂದ ಒಂದು ಬರಹ ಬಂತು. ‘ಮೇಡಂ ನಮಸ್ಕಾರ. ನಾನು ಸಾಲಿ ಟೀಚರ್ ಅದೀನಿ. ಮೂರನೇ ಪುಟದಾಗ ನಿಂತೀನಿ. ಮುಂದ ಹೋಗಾಕ ಬಿಡವಲ್ದು. ನಂಗ ಟೈಮ್ ಇಲ್ರಿ.’ ಕೆಳಗೆ ಫೋನ್ ನಂಬರು. ಕೊನೆಗೂ ಒಬ್ಬರು ಮಾತಾಡಿದರಲ್ಲ ಎಂದು ನಾನು ಅವಸರದಿಂದ ಫೋನ್ ಮಾಡಿದೆ.

ಆಕೆ ಅಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಬಹಳ ವರ್ಷಗಳಿಂದ ಗಣಿತ ಕಲಿಸುತ್ತಿದ್ದವರು. ಈ ವರ್ಷ ಮಕ್ಕಳು ಕಡಿಮೆಯಾಗಿ ಎರಡು ತರಗತಿಗಳನ್ನು ಕೂಡಿಸಿದ್ದರು, ಗಣಿತಕ್ಕೆ ಒಬ್ಬರೇ ಸಾಕು ಎಂದಾಗಿತ್ತು. ಆರನೇ ತರಗತಿಯಿಂದ ಕೋಡಿಂಗ್ ಕಲಿಸಬೇಕು, ಅದನ್ನು ಕಲಿಸಿದರೆ ನೀವು ಇರಿ, ಇಲ್ಲದಿದ್ದರೆ ರಾಯಚೂರಿನಿಂದ ಒಬ್ಬರನ್ನು ಕರೆಸುತ್ತೇವೆ ಎಂದು ಆಡಳಿತ ಮಂಡಳಿಯವರು ಹೇಳಿದ್ದರು. ಬರುವ ಸೋಮವಾರ ಅವರೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ಆಕೆಯ ಪಾಠ ನೋಡುವವರಿದ್ದರು.

“ತರಗತಿ ಇಲ್ಲಂದ್ರ ನಾ ಏನ್ ಮಾಡ್ಲಿ ರೀ? ನಂಗ ಕಲಿಸೋದು ಬಿಟ್ರ ಬ್ಯಾರೆ ಏನೂ ಬರಂಗಿಲ್ಲ,” ಎಂದರು. ದನಿ ಗಟ್ಟಿಯಾಗಿಯೇ ಇತ್ತು, ಆದರೆ ಮಾತು ಮುಗಿದ ಮೇಲೆ ಉಸಿರು ಕೇಳಿಸಿತು.

“ನೀವು ಏನ್ ಬರದೀರಿ, ಅದನ್ನ ಓದ್ರಿ,” ಎಂದೆ.

“ಪಿ, ಆರ್, ಐ, ಎನ್, ಟಿ. ಕಂಸ. ಮ್ಯಾಲಿನ ಕೊಕ್ಕಿ. ನಮಸ್ಕಾರ ದೇವದುರ್ಗ. ಕೊಕ್ಕಿ. ಕಂಸ ಬಂದ್.” ಕೊಕ್ಕಿ ಎಂದದ್ದು ಉದ್ಧರಣ ಚಿಹ್ನೆಗೆ.

“ಪಿ ಸಣ್ಣದದ ಏನು ದೊಡ್ಡದದ?”

“ಸಣ್ಣದ ಅದ ರೀ.”

“ಮತ್ತೇನದ?”

“ಮತ್ತೇನಿಲ್ರಿ. ಅಷ್ಟ.”

“ಎಲ್ಲಾ ಬರೋಬರ್ ಅದ ಅಲ್ರೀ!”

“ಬರೋಬರ್ ಇದ್ರ ತಪ್ಪು ಅಂತ ಯಾಕ ಅನ್ನಾಕತ್ತದ?”

ಪರದೆಯ ಫೋಟೊ ಕಳಿಸಲು ಹೇಳಿದೆ. ಕಳಿಸಿದರು. ಅರ್ಧ ಪರದೆಯಲ್ಲಿ ಕೀಲಿಮಣೆ, ಅದರ ಮೇಲೆ ನನ್ನ ಗಿಡ್ಡ ಚೌಕ, ಅದರಲ್ಲಿ ಆಕೆ ಓದಿದ ಸಾಲು, ಕೆಳಗೆ ‘ಏನೋ ತಪ್ಪಾಗಿದೆ’. ಎಷ್ಟು ದಿಟ್ಟಿಸಿದರೂ ತಪ್ಪು ಕಾಣಲಿಲ್ಲ. ಅದೇ ಸಾಲನ್ನು ನಾನು ನನ್ನ ಮೊಬೈಲಿನಲ್ಲಿ ಬರೆದು ನಡೆಸಿದರೆ ಚೆನ್ನಾಗಿ ನಡೆಯಿತು. ಆಕೆಯ ಮೊಬೈಲು ಹಳೆಯದಿರಬೇಕು ಎಂದೆ. ಆಕೆ ನೆರೆಮನೆಯವರ ಮೊಬೈಲಿನಲ್ಲಿ ಬರೆದರು, ಅಲ್ಲೂ ತಪ್ಪು. ಮರುದಿನ ಮತ್ತೆ ಫೋನ್, ಮತ್ತೆ ಪಿ, ಆರ್, ಐ. ನನಗೆ ತಲೆ ಕೆಟ್ಟು, “ಬರೋಬರ್ ನೋಡಿ ಬರೀರಿ ಟೀಚರ್,” ಎಂದು ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. “ಹೂಂ ರೀ,” ಎಂದು ಆಕೆ ಫೋನ್ ಇಟ್ಟರು.

ಅದು ಶುಕ್ರವಾರ. ಶನಿವಾರವಿಡೀ ಅವರ ಫೋನ್ ಬರಲಿಲ್ಲ. ಪಾಠ ಬಿಟ್ಟು ಹೋದವರ ಸಾಲಿಗೆ ಇವರೂ ಸೇರಿದರು, ವ್ಯತ್ಯಾಸವೆಂದರೆ ಇವರು ನನ್ನ ಪುಟವನ್ನಷ್ಟೇ ಅಲ್ಲ, ಶಾಲೆಯನ್ನೂ ಬಿಡಬೇಕಾಗುತ್ತದೆ. ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದೆ. ಬಸ್ಸಿನಿಂದಲೇ ಫೋನ್ ಮಾಡಿ, ಬರುತ್ತಿದ್ದೇನೆ ಎಂದೆ. ದಾರಿಯುದ್ದಕ್ಕೂ ಬಸ್ಸು ನಿಂತಲ್ಲೆಲ್ಲ ನನಗೆ ಡ್ರೈವರನ ಮೇಲೆ ರೇಗುತ್ತಿತ್ತು.

“ಬರ್ರಿ, ಬರ್ರಿ. ಬಿಸಲಾಗ ಬಂದೀರಿ, ಮೊದಲ ನೀರ್ ಕುಡೀರಿ,” ಎಂದು ಬಾಗಿಲಲ್ಲೇ ಚೊಂಬು ಕೊಟ್ಟರು. ಐವತ್ತರ ಹತ್ತಿರದ, ತೆಳ್ಳಗಿನ ಹೆಂಗಸು. ನಾನು ಫೋನಿನಲ್ಲಿ ಜೋರು ಮಾಡಿದ್ದನ್ನು ಮುಖದಲ್ಲಿ ಎಲ್ಲೂ ಇಟ್ಟುಕೊಂಡಿರಲಿಲ್ಲ. ಅದು ನನಗೆ ಇನ್ನಷ್ಟು ಕಸಿವಿಸಿ ಮಾಡಿತು. ಚಹಾ ಆದ ಮೇಲೆ ಮಾನ್ವಿಯ ಅತ್ತಿಗೆ ನೆನಪಾದಳು.

“ಅಕ್ಕಾರ, ನಾ ನಿಮ್ಮ ಹಿಂದ ಕುಂದರ್ತೀನಿ. ಏನೂ ಮಾತಾಡಂಗಿಲ್ಲ. ನಾ ಇಲ್ಲ ಅಂತ ತಿಳಕೊಂಡು ಮೊದಲಿಂದ ಮಾಡ್ರಿ,” ಎಂದೆ. ಈ ಸಲ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡೇ ಕೂತೆ.

ಆಕೆ ಕೈ ಒರೆಸಿಕೊಂಡರು. ಮೂರನೇ ಪುಟ ತೆರೆದರು. ‘ಹೊಸ ಹಾಳೆ’ ಬಂತು. ಕೀಲಿಮಣೆಯನ್ನು ಕನ್ನಡಕ್ಕೆ ಬದಲಿಸಿದರು. ಇನ್ನೂ ಪ್ರಿಂಟ್ ಬರೆಯಬೇಕು, ಈಗಲೇ ಯಾಕೆ ಕನ್ನಡ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ, ಹಾಳೆಯ ನೆತ್ತಿಯ ಮೇಲೆ ನಿಧಾನವಾಗಿ ‘ಶ್ರೀ’ ಎಂದು ಬರೆದರು. ಕೆಳಗಿನ ಸಾಲಿಗೆ ಬಂದರು, ಒಂದು ಸಾಲು ಖಾಲಿ ಬಿಟ್ಟರು, ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿ ಪಿ, ಆರ್, ಐ ಬರೆಯತೊಡಗಿದರು. ನನ್ನ ಗಿಡ್ಡ ಚೌಕದಲ್ಲಿ ಶ್ರೀ ಮೇಲಕ್ಕೆ ಸರಿದು ಕಾಣದಾಯಿತು. ‘ನಡೆಸು’ ಒತ್ತಿದರು. ಏನೋ ತಪ್ಪಾಗಿದೆ, ಇನ್ನೊಮ್ಮೆ ನೋಡಿ.

“ಅಕ್ಕಾರ, ಮ್ಯಾಲ ಏನ್ ಬರದ್ರಿ?”

“ಎಲ್ಲಿ ರೀ?”

“ಮೊದಲ ಸಾಲಿನಾಗ.”

“ಏನಿಲ್ರಿ.”

“ಶ್ರೀ ಬರದ್ರಲ್ಲ!”

“ಹೂಂ, ಶ್ರೀ ಬರದೆ. ಹೊಸ ಹಾಳಿ ಅಂತ ನೀವ ಹಾಕೀರಿ. ಶ್ರೀ ಇಲ್ದ ಹೊಸ ಹಾಳಿ ಹೆಂಗ ಶುರು ಮಾಡೋದ್ರಿ?”

ನನಗೆ ನಗು ಬಂತು, ಅದರ ಹಿಂದೆಯೇ ನನ್ನ ಮೇಲೆ ಕೆಟ್ಟ ಸಿಟ್ಟು ಬಂತು. ಫೋನಿನಲ್ಲಿ ಆಕೆ ಅದನ್ನು ಯಾಕೆ ಓದಲಿಲ್ಲ ಎಂಬುದೂ ಆಗಲೇ ಹೊಳೆಯಿತು. ಶ್ರೀಯನ್ನು ಯಾರೂ ಓದುವುದಿಲ್ಲ. ನಮ್ಮ ಮನೆಗೆ ಪತ್ರ ಬಂದಾಗ ಓದುವವರು ಅದರ ಕೆಳಗಿನಿಂದಲೇ ಶುರು ಮಾಡುತ್ತಿದ್ದರು. ಪರೀಕ್ಷೆಯ ಉತ್ತರ, ಕಿರಾಣಿ ಚೀಟಿ, ಮದುವೆಗೆ ಕರೆಯಬೇಕಾದವರ ಪಟ್ಟಿ, ಎಲ್ಲದರ ನೆತ್ತಿಯಲ್ಲೂ ಅದು ಇರುತ್ತದೆ. ಬರೆಯುವವರು ಅದನ್ನು ಬರೆದೆ ಎಂದುಕೊಳ್ಳುವುದಿಲ್ಲ, ಓದುವವರು ಕಂಡೆ ಎಂದುಕೊಳ್ಳುವುದಿಲ್ಲ. ಎಲ್ಲವನ್ನೂ ಓದುವುದು ಯಂತ್ರ ಮಾತ್ರ. ಕೆಂಪು ಅಂಚಿನ ಹಾಳೆ ಮಾಡಿ, ಮೇಲೆ ಹೊಸ ಹಾಳೆ ಎಂದು ಬರೆದು, ಬನ್ನಿ ಶ್ರೀ ಹಾಕಿ ಎಂದು ಕರೆದವಳು ನಾನೇ. ಅದು ಮೇಲಕ್ಕೆ ಸರಿದು ಮರೆಯಾಗುವಷ್ಟು ಚೌಕವನ್ನು ಗಿಡ್ಡ ಮಾಡಿದವಳೂ ನಾನೇ.

ಲ್ಯಾಪ್‌ಟಾಪು ತೆಗೆದು, ನಾನು ಇಟ್ಟಿದ್ದ ಮೆತ್ತಗಿನ ಮಾತನ್ನು ಅಳಿಸಿ, ಯಂತ್ರದ ಸ್ವಂತ ಮಾತು ಕಾಣುವ ಹಾಗೆ ಮಾಡಿದೆ. ಆಕೆ ಮತ್ತೆ ‘ನಡೆಸು’ ಒತ್ತಿದರು. ಇಂಗ್ಲಿಷಿನ ಕೆಂಪು ಸಾಲಿನ ನಟ್ಟನಡುವೆ ಕನ್ನಡದ ಶ್ರೀ ಕೂತಿತ್ತು.

“ಏನ್ ಅನ್ನಾಕತ್ತದ್ರಿ?”

“ಶ್ರೀ ಅಂದ್ರ ಏನಂತ ನಂಗ ಗೊತ್ತಿಲ್ಲ ಅನ್ನಾಕತ್ತದ.”

ಆಕೆ ಬಿದ್ದು ಬಿದ್ದು ನಕ್ಕರು. “ಶ್ರೀ ಗೊತ್ತಿಲ್ಲಂತ! ಎಲ್ಲಿ ಹುಟ್ಟಿ ಬೆಳದದ್ದರೀ ಇದು?” ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಕೇಳಿದರು. “ಇಷ್ಟು ದಿನ ಇದನ್ನ ಯಾಕ ಹೇಳ್ಲಿಲ್ಲ?”

“ಅದು ಹೇಳಾಕತ್ತಿತ್ತು ಅಕ್ಕಾರ. ನಾನ ಅದರ ಬಾಯಿ ಮುಚ್ಚಿದ್ದೆ.”

ಮಾರನೇ ದಿನ ಅವರ ಪಾಠ. ನನಗೆ ಅವಸರ. ಶ್ರೀ ಅಳಿಸಿಬಿಡಿ, ಮಕ್ಕಳಿಗೂ ಬರೆಯಬೇಡಿ ಎಂದು ಹೇಳಿ ಎಂದೆ. ಆಕೆ ಬೆರಳನ್ನು ಅಳಿಸುವ ಗುಂಡಿಯ ಮೇಲೆ ತಂದರು. ಒತ್ತಲಿಲ್ಲ.

“ಪಾಟಿ ಮ್ಯಾಲ ನಾ ಮೊದಲ ಬರದದ್ದು ಇದ ರೀ. ನಮ್ಮನ್ಯಾಗ ಪಾಟಿ ಹಿಡದಾಕಿ ನಾನ ಮೊದಲನೇಕಿ. ಬರೀಬ್ಯಾಡ್ರಿ ಅಂತ ಹುಡುಗರಿಗೆ ನಾ ಹೆಂಗ ಹೇಳ್ಲಿ?”

“ಹಂಗಂದ್ರ ಅದು ಬಂದ್ರ ನಾನ ಒಳಗಿಂದೊಳಗ ತಗದ್ಹಾಕ್ತೀನಿ. ಯಂತ್ರಕ್ಕ ಹೋಗಂಗಿಲ್ಲ,” ಎಂದೆ.

“ಅವರು ಬರದದ್ದು ನೀವು ಕಾಣದಂಗ ತಗದ್ರ ಅವರಿಗೆ ತಿಳಿಯೋದು ಹೆಂಗ್ರಿ? ಇಷ್ಟು ದಿನ ಅದನ್ನ ಮಾಡಿ ನನ್ನ ಪರೇಶಾನ್ ಮಾಡೀರಿ.”

ನಾಲಿಗೆ ಕಚ್ಚಿಕೊಂಡೆ. ಸುಮ್ಮನೆ ಅವರ ಮೊಬೈಲು ತೆಗೆದುಕೊಂಡು ಶ್ರೀಗೂ ಮೊದಲು # ಗುರುತು ಹಾಕಿದೆ. ಗ್ಯಾಸ್ ಬುಕ್ ಮಾಡುವಾಗ ಫೋನಿನಲ್ಲಿ ಒತ್ತುವ ಹ್ಯಾಶ್ ಗುರುತು, ಎರಡು ಅಡ್ಡಗೆರೆ, ಎರಡು ಉದ್ದಗೆರೆ. ಅದು ಸಾಲಿನ ಮೊದಲಲ್ಲಿದ್ದರೆ ಆ ಸಾಲು ಮನುಷ್ಯರಿಗೆ ಮಾತ್ರ, ಯಂತ್ರ ಅದನ್ನು ದಾಟಿ ಮುಂದಿನ ಸಾಲಿಗೆ ಹೋಗುತ್ತದೆ ಎಂದು ಹೇಳಿದೆ. ಅವರು ‘ನಡೆಸು’ ಒತ್ತಿದರು. ‘ನಮಸ್ಕಾರ ದೇವದುರ್ಗ’ ಎಂದು ಬಂತು. ಮೇಲೆ ಶ್ರೀ ಇದ್ದ ಹಾಗೇ ಇತ್ತು.

ಆಕೆ # ಗುರುತಿನ ಮೇಲೆ ಬೆರಳಿಟ್ಟರು. “ಇದನ್ನ ನೀವು ಎಷ್ಟನೇ ಪಾಠದಾಗ ಹೇಳೀರಿ?”

“ಒಂಬತ್ತನೇದಾಗ.”

“ಒಂಬತ್ತನೇದಕ್ಕ ಬರೋತನಕ ಯಾರ್ ಇರ್ತಾರ್ರೀ?”

ವಾಪಸು ಬರುವ ಬಸ್ಸಿನಲ್ಲಿ, ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು, ಒಂಬತ್ತನೇ ಪಾಠದ ಆ ಭಾಗವನ್ನು ಕಿತ್ತು ಮೂರನೇ ಪುಟದ ತಲೆಗೆ ತಂದೆ. ‘ಹೊಸ ಹಾಳೆಯ ಮೊದಲ ಸಾಲು ನಿಮ್ಮದು. ಹ್ಯಾಶ್ ಹಾಕಿ, ನಿಮ್ಮ ಮನೆಯಲ್ಲಿ ಮೊದಲು ಏನು ಬರೆಯುತ್ತಾರೋ ಅದನ್ನು ಬರೆಯಿರಿ.’ ಚೌಕ ಉದ್ದ ಮಾಡಿದೆ. ಯಂತ್ರದ ಇಂಗ್ಲಿಷ್ ಮಾತನ್ನು ಹಾಗೇ ಬಿಟ್ಟು ಕೆಳಗೆ ಕನ್ನಡದಲ್ಲಿ ಅದರ ಅರ್ಥ ಬರೆದೆ. ಬರೆದದ್ದನ್ನು ನನಗೆ ಕಳಿಸಲು ಒಂದು ಗುಂಡಿ ಇಟ್ಟೆ. ಹಾಗಂತ ಮೂರನೇ ಪುಟ ಬಿಟ್ಟವರೆಲ್ಲ ಶ್ರೀ ಬರೆದೇ ಬಿಟ್ಟವರು ಎಂದು ನಾನು ಹೇಳಲಾರೆ. ಮೊಬೈಲನ್ನು ಅಣ್ಣ ಕಿತ್ತುಕೊಂಡ ಅಂತಲೋ, ಬೇಸರವಾಯಿತು ಅಂತಲೋ ಹೋದವರೂ ಇದ್ದಾರು.

ಸೋಮವಾರ ಕಾಲೇಜಿನಲ್ಲಿ ನಾನು ಏನು ಪಾಠ ಮಾಡಿದೆನೋ ದೇವರೇ ಬಲ್ಲ. ಕಣ್ಣೆಲ್ಲ ಮೊಬೈಲಿನ ಮೇಲೆ. ಊಟಕ್ಕೆ ಮೊದಲು ಒಂದೊಂದಾಗಿ ದೇವದುರ್ಗದ ಮಕ್ಕಳ ಪ್ರೋಗ್ರಾಂಗಳು ಬರತೊಡಗಿದವು. ಅಧ್ಯಾಪಕರ ಕೊಠಡಿಯ ಕಿಟಕಿಗೆ ಹೋಗಿ ನಿಂತು ಓದಿದೆ. ಮೊದಲ ಸಾಲುಗಳನ್ನು ಮಾತ್ರ ಓದುತ್ತಿದ್ದೆ. ‘# ಶ್ರೀ’. ‘# ಓಂ ನಮಃ ಶಿವಾಯ’. ‘# ಜೈ ಭೀಮ್’. ‘# ಬಿಸ್ಮಿಲ್ಲಾ’. ‘# ಅವ್ವ’. ಒಂದು ಮಗು, ‘# ಟೀಚರ್ ಬರೀರಿ ಅಂದ್ರು ಅದಕ್ಕ ಬರದೀನಿ’ ಎಂದು ಬರೆದಿತ್ತು. ಒಂದಕ್ಕೂ ತಪ್ಪು ಬಂದಿರಲಿಲ್ಲ. ಯಾರಿಗಾದರೂ ತೋರಿಸಬೇಕು ಅನ್ನಿಸಿತು, ಆದರೆ ತೋರಿಸುವಷ್ಟು ಧೈರ್ಯ ಬರಲಿಲ್ಲ. ಮಕ್ಕಳದ್ದೆಲ್ಲ ನಡೆಯಿತು, ಸರಿ. ಹಿಂದಿನ ಬೆಂಚಿನವರು ಏನೆಂದರು?

ಆಮೇಲೆ ಏನೂ ಬರಲಿಲ್ಲ. ಮಧ್ಯಾಹ್ನದ ತರಗತಿ ಮುಗಿಯಿತು. ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ, ಎತ್ತಲಿಲ್ಲ. ಮನೆಗೆ ಬಂದು ಚಹಾ ಇಟ್ಟು, ಅದು ಉಕ್ಕಿ ಒಲೆ ಆರಿದ ಮೇಲೆ ನೋಡಿದೆ. ಪಾಠ ಚೆನ್ನಾಗಿ ಆಗಿಯೂ ರಾಯಚೂರಿನವರನ್ನೇ ಕರೆಸಿದರೆ? ಮಕ್ಕಳ ಮುಂದೆ ಯಾರಾದರೂ ಇಂಗ್ಲಿಷಿನಲ್ಲಿ ಏನಾದರೂ ಕೇಳಿ, ಆಕೆ ತಡವರಿಸಿದ್ದರೆ? ಮಾಳಿಗೆಗೆ ಹೋದೆ, ಇಳಿದೆ, ಮತ್ತೆ ಹೋದೆ. ಜನ ಬಿಟ್ಟುಹೋಗುವುದನ್ನು ತೋರಿಸುವ ಆ ಗೆರೆಯನ್ನು ಅಂದು ಒಂದು ಸಲವೂ ನೋಡಿರಲಿಲ್ಲ. ಅದು ನೆನಪಾದದ್ದೂ ಎಷ್ಟೋ ಹೊತ್ತಿನ ಮೇಲೆ.

ಬಿಸಿಲು ಇಳಿಯುವಾಗ ಟೀಚರ್ ಕಡೆಯಿಂದ ಒಂದು ಪ್ರೋಗ್ರಾಂ ಬಂತು. ಎರಡೇ ಸಾಲು. ಮೊದಲನೆಯದು ‘# ಶ್ರೀ’. ಎರಡನೆಯದು ಪ್ರಿಂಟ್, ಕಂಸ, ಕೊಕ್ಕಿ, ಅದರೊಳಗೆ, ‘ಅಕ್ಕಾರ, ಕ್ಲಾಸ್ ನಂಗ ಕೊಟ್ರು.’

ಓದಿಯಾಗಿತ್ತು. ಆದರೂ ಅಲ್ಲೇ ಮಾಳಿಗೆಯ ಮೇಲೆ ಕೂತು ‘ನಡೆಸು’ ಒತ್ತಿದೆ. ಯಂತ್ರವೂ ಅದನ್ನೇ ಹೇಳಿತು. ಇನ್ನೊಮ್ಮೆ ಒತ್ತಿದೆ.